ಸ್ಟ್ರಾಬೆರಿ ತಿನ್ನೋದಾ, ಹಚ್ಚಿಕೊಳ್ಳೋದಾ?

ಡಿಸೆಂಬರ್ ಬಂತೆಂದರೆ ಈ ಅಂಕಣಕ್ಕೆ ಸ್ಟ್ರಾಬೆರಿ ಪ್ರಶ್ನೆಗಳು ಶುರುವಾಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಮುಖಕ್ಕೆ, ಹಲ್ಲಿಗೆ ಹಚ್ಚುವ ವಿಚಾರದವು. ತಿನ್ನುವುದರ ಬಗ್ಗೆ ಕೇಳಿದವರು ಕಡಿಮೆ. ಸರಿ, ಹಚ್ಚುವುದರಿಂದಲೇ ಶುರು ಮಾಡೋಣ.

ಪ್ರಶ್ನೆ: ರೀಲ್ಸ್ ನೋಡಿ ಸ್ಟ್ರಾಬೆರಿ ಕಿವುಚಿ, ಸಕ್ಕರೆ ಬೆರೆಸಿ ಮುಖಕ್ಕೆ ಉಜ್ಜಿಕೊಂಡೆ. ಹತ್ತು ನಿಮಿಷದಲ್ಲೇ ಉರಿ ಶುರುವಾಯಿತು. ಕೆನ್ನೆ ಎರಡು ದಿನ ಕೆಂಪಗೇ ಇತ್ತು. ಗೆಳತಿ “ಒಳಗಿನ ಕೊಳೆ ಹೊರಗೆ ಬರ್ತಿದೆ, ಬಿಡೇ” ಅಂತಾಳೆ. ಮತ್ತೆ ಹಚ್ಚಬಹುದಾ ಮೇಡಂ? ದಿನಕ್ಕೆ ಎಷ್ಟು ತಿಂದರೆ ಮುಖಕ್ಕೆ ಗ್ಲೋ ಬರುತ್ತೆ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡ ಕಣಮ್ಮ, ಮತ್ತೆ ಹಚ್ಚಬೇಡ. ಹೊರಗೆ ಬಂದದ್ದು ಕೊಳೆಯಲ್ಲ. ನಿನ್ನ ಚರ್ಮಕ್ಕೆ ಪೆಟ್ಟಾಗಿದೆ, ಅಷ್ಟೇ. ಸ್ಟ್ರಾಬೆರಿಯಲ್ಲಿ ಸಿಟ್ರಿಕ್ ಆಮ್ಲ, ಮ್ಯಾಲಿಕ್ ಆಮ್ಲ ಎರಡೂ ಇವೆ. ಅದರ ಪಿಎಚ್ ಸುಮಾರು 3.5, ನಮ್ಮ ಚರ್ಮದ್ದು 5ರ ಆಸುಪಾಸು. ಪಿಎಚ್ ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. ಇನ್ನು ಸಕ್ಕರೆ ಹರಳಿನಿಂದ ಉಜ್ಜಿದಾಗ ಚರ್ಮದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವೆ. ಆ ಗೀರಿನೊಳಗೆ ಹುಳಿ ಇಳಿದರೆ ಉರಿಯದೆ ಇನ್ನೇನಾಗುತ್ತದೆ?

ರೀಲ್ಸ್‌ನವರು ವಿಟಮಿನ್ ಸಿ, ಸ್ಯಾಲಿಸಿಲಿಕ್ ಆಮ್ಲ ಅಂತ ಎರಡು ಹೆಸರು ಹೇಳುತ್ತಾರೆ. ಎರಡೂ ಈ ಹಣ್ಣಿನಲ್ಲಿರುವುದು ನಿಜ. ಎಷ್ಟಿವೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. 100 ಗ್ರಾಂ ಸ್ಟ್ರಾಬೆರಿಯಲ್ಲಿ ವಿಟಮಿನ್ ಸಿ ಸುಮಾರು 60 ಮಿಲಿಗ್ರಾಂ. ಅಂದರೆ ಶೇ 0.06. ಅಂಗಡಿಯಲ್ಲಿ ಸಿಗುವ ವಿಟಮಿನ್ ಸಿ ಸೀರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 10ರಿಂದ 20ರಷ್ಟು ಇರುತ್ತದೆ. ಸ್ಯಾಲಿಸಿಲಿಕ್ ಆಮ್ಲದ ಕತೆಯೂ ಇದೇ. ಮೊಡವೆಗೆ ಬಳಸುವ ಫೇಸ್‌ವಾಶ್‌ನಲ್ಲಿ ಅದು ಶೇ 2ರವರೆಗೆ ಇರುತ್ತದೆ, ಹಣ್ಣಿನಲ್ಲಿ ಲೆಕ್ಕಕ್ಕೇ ಸಿಗದಷ್ಟು. ಹಚ್ಚಿಕೊಂಡಾಗ ನಿನಗೆ ಸಿಕ್ಕಿದ್ದು ಹುಳಿಯೇ ಹೊರತು ಔಷಧವಲ್ಲ.

ನಮ್ಮಂಥ ಕಂದು ಚರ್ಮದವರು ಇನ್ನೊಂದು ಮಾತು ತಿಳಿದಿರಬೇಕು. ಚರ್ಮ ಉರಿದು ಕೆಂಪಾದ ಜಾಗದಲ್ಲಿ ಆಮೇಲೆ ಕಪ್ಪು ಕಲೆ ಕೂರುತ್ತದೆ. ಅದು ಹೋಗಲು ತಿಂಗಳುಗಟ್ಟಲೆ ಬೇಕು. ಹೊಳಪು ಬರಲಿ ಅಂತ ಹೋಗಿ ಕಲೆ ತಂದುಕೊಂಡವರನ್ನು ಪ್ರತಿ ಚಳಿಗಾಲ ನೋಡುತ್ತೇನೆ. ಈಗ ಒಂದು ವಾರ ಸ್ಕ್ರಬ್, ಪ್ಯಾಕ್ ಎಲ್ಲ ಬಿಟ್ಟುಬಿಡು. ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚು, ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಹಾಕಿಕೋ. ಆಮೇಲೂ ಕೆಂಪು ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸು.

ತಿನ್ನುವುದಾದರೆ ಮಾತೇ ಬೇರೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಅನ್ನು ದೇಹ ಕಟ್ಟಬೇಕಾದರೆ ವಿಟಮಿನ್ ಸಿ ಬೇಕೇ ಬೇಕು. ಮನುಷ್ಯರ ದೇಹ ಅದನ್ನು ತಾನಾಗಿ ತಯಾರಿಸಿಕೊಳ್ಳುವುದಿಲ್ಲ, ಊಟದಿಂದಲೇ ಬರಬೇಕು. ಹಿಂದೆ ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದ ನಾವಿಕರಿಗೆ ಹಣ್ಣು ತರಕಾರಿ ಸಿಗದೆ ಸ್ಕರ್ವಿ ಬರುತ್ತಿತ್ತು. ಒಸಡಲ್ಲಿ ರಕ್ತ ಬರುತ್ತಿತ್ತು, ಹಳೆಯ ಗಾಯಗಳೂ ಮತ್ತೆ ಬಾಯಿ ಬಿಡುತ್ತಿದ್ದವು. ಕೊಲಾಜೆನ್ ಕೈಕೊಟ್ಟರೆ ಆಗುವುದು ಹೀಗೆ.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಶಿಫಾರಸಿನ ಪ್ರಕಾರ ವಯಸ್ಕ ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ, ಗಂಡಸರಿಗೆ 80 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಏಳೆಂಟು ಮಧ್ಯಮ ಗಾತ್ರದ ಸ್ಟ್ರಾಬೆರಿ ತಿಂದರೆ ನಿನ್ನ ಒಂದು ದಿನದ ಪಾಲು ಹೆಚ್ಚುಕಡಿಮೆ ಮುಗಿಯಿತು. ಹಾಗಂತ ಇಪ್ಪತ್ತು ತಿಂದರೆ ಹೊಳಪು ಮೂರು ಪಟ್ಟು ಆಗುವುದಿಲ್ಲ. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ. ಮೊದಲೇ ಚೆನ್ನಾಗಿ ಹಣ್ಣು ತರಕಾರಿ ತಿನ್ನುವವರಿಗೆ ಸ್ಟ್ರಾಬೆರಿಯಿಂದ ಮುಖದಲ್ಲಿ ಏನೂ ವ್ಯತ್ಯಾಸ ಕಾಣದೆಯೂ ಇರಬಹುದು.

ಪ್ರಶ್ನೆ: ಮುಂದಿನ ತಿಂಗಳು ಮದುವೆ. ಸ್ಟ್ರಾಬೆರಿಗೆ ಅಡುಗೆ ಸೋಡಾ ಬೆರೆಸಿ ಹಲ್ಲುಜ್ಜಿದರೆ ಬೆಳ್ಳಗಾಗುತ್ತೆ ಅಂತ ಯೂಟ್ಯೂಬ್‌ನಲ್ಲಿ ನೋಡಿದೆ. ನಿಜಾನಾ?
– ತುಮಕೂರಿನ ಓದುಗ

ಉತ್ತರ: ಮೊದಲಿಗೆ ಶುಭಾಶಯ. ಸ್ಟ್ರಾಬೆರಿ ಮಾತ್ರ ಬಾಯೊಳಗೆ ಹೋಗಲಿ, ಬ್ರಷ್ ಮೇಲೆ ಬೇಡ. ಇದನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2014ರಲ್ಲಿ ಬಂದ ಫಲಿತಾಂಶ ಹೀಗಿದೆ: ಸ್ಟ್ರಾಬೆರಿ, ಸೋಡಾ ಮಿಶ್ರಣ ಹಲ್ಲಿನ ಮೇಲಿನ ಕೊಳೆಯನ್ನಷ್ಟೇ ತೆಗೆಯಿತು, ಹಲ್ಲಿನ ಬಣ್ಣ ಬದಲಾಗಲಿಲ್ಲ. ಮೇಲಿನ ಕೊಳೆ ಹೋದದ್ದೇ ಬೆಳ್ಳಗಾದ ಹಾಗೆ ಕಾಣುತ್ತದೆ. ಆ ಕೆಲಸಕ್ಕೆ ಮಾಮೂಲಿ ಪೇಸ್ಟ್ ಸಾಕಲ್ವಾ?

ಹಣ್ಣಿನ ಹುಳಿಗೆ ಹಲ್ಲಿನ ಎನಾಮಲ್, ಅಂದರೆ ಮೇಲಿನ ಗಟ್ಟಿ ಪದರ, ಮೆತ್ತಗಾಗುತ್ತದೆ. ಅದರ ಮೇಲೆ ಬ್ರಷ್ ಎಳೆದರೆ ಸವೆಯುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದು ತೆಳುವಾದಷ್ಟೂ ಒಳಗಿನ ಹಳದಿ ಪದರ ಎದ್ದು ಕಾಣುತ್ತದೆ, ಅಂದರೆ ಹಲ್ಲು ಮೊದಲಿಗಿಂತ ಹಳದಿಯಾಗುತ್ತದೆ. ಇನ್ನೂ ಒಂದು ತಿಂಗಳಿದೆ, ದಂತವೈದ್ಯರ ಹತ್ತಿರ ಒಮ್ಮೆ ಕ್ಲೀನಿಂಗ್ ಮಾಡಿಸಿ, ಸಾಕು. ಹಣ್ಣು ತಿಂದ ಮೇಲೂ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ.

ಪ್ರಶ್ನೆ: ಮಗಳು ಸ್ಟ್ರಾಬೆರಿ ಬೇಕು ಅಂತ ಹಟ ಮಾಡ್ತಾಳೆ. ಅಂಗೈಯಗಲದ ಡಬ್ಬಿ. ಅದೇ ದುಡ್ಡಿಗೆ ಒಂದೂವರೆ ಕೆಜಿ ಸೀಬೆಹಣ್ಣು ಬರುತ್ತೆ. ನಮ್ಮತ್ತೆ “ಅದು ನಮ್ಮ ನೆಲದ ಹಣ್ಣೇ ಅಲ್ಲ, ನಮ್ಮ ಮೈಗೆ ಒಗ್ಗಲ್ಲ” ಅಂತಾರೆ. ನನಗೆ ರಕ್ತ ಕಡಿಮೆ ಇದೆ, ಹಿಮೋಗ್ಲೋಬಿನ್ 9.5. ಸ್ಟ್ರಾಬೆರಿ ತಿಂದರೆ ಏರುತ್ತಾ?
– ಗೃಹಿಣಿ, ದಾವಣಗೆರೆ

ಉತ್ತರ: ದುಡ್ಡಿನ ಲೆಕ್ಕದಲ್ಲಿ ನೀವೇ ಸರಿ. 100 ಗ್ರಾಂ ಸೀಬೆಯಲ್ಲಿ ವಿಟಮಿನ್ ಸಿ 200 ಮಿಲಿಗ್ರಾಂ ದಾಟುತ್ತದೆ, ಸ್ಟ್ರಾಬೆರಿಯ ಮೂರು ಪಟ್ಟಿಗೂ ಜಾಸ್ತಿ. ನಾರೂ ಅದರಲ್ಲೇ ಹೆಚ್ಚು. ನೆಲ್ಲಿಕಾಯಿ ಇವೆರಡನ್ನೂ ಮೀರಿಸುತ್ತದೆ. ಸ್ಟ್ರಾಬೆರಿ ತಿನ್ನದಿದ್ದರೆ ಮಗಳಿಗೆ ಏನೋ ತಪ್ಪಿಹೋಗುತ್ತದೆ ಅನ್ನುವ ಭಯ ಬೇಡ. ಸೀಸನ್‌ನಲ್ಲಿ ಆಗೊಂದು ಈಗೊಂದು ಡಬ್ಬಿ ಆಸೆಗೆ ತನ್ನಿ. ಅವಳು ಚಾಕೊಲೇಟ್ ಬದಲು ಹಣ್ಣಿಗೆ ಹಟ ಮಾಡುತ್ತಿದ್ದಾಳೆ ಅಂದರೆ ನೀವು ಖುಷಿಪಡಬೇಕು.

ನಿಮ್ಮತ್ತೆಯವರ ಮಾತಿಗೆ ಬರೋಣ. ಸ್ಟ್ರಾಬೆರಿ ಹೊರಗಿನದು, ನಿಜ. ಈಗ ನಾವು ತಿನ್ನುವ ದೊಡ್ಡ ಹಣ್ಣು ಹುಟ್ಟಿದ್ದು 18ನೇ ಶತಮಾನದ ಫ್ರಾನ್ಸ್‌ನಲ್ಲಿ. ಅದರ ತಾಯಿ ತಂದೆ ಇಬ್ಬರೂ ಅಲ್ಲಿನವರಲ್ಲ. ಒಂದು ಗಿಡ ಉತ್ತರ ಅಮೆರಿಕದ್ದು, ಇನ್ನೊಂದು ಚಿಲಿ ದೇಶದ್ದು. ಚಿಲಿಯ ಗಿಡವನ್ನು 1714ರಲ್ಲಿ ಹಡಗಿನಲ್ಲಿ ತಂದವನು ಫ್ರೆಜಿಯೆ ಎಂಬ ಫ್ರೆಂಚ್ ಎಂಜಿನಿಯರ್. ಎರಡನ್ನೂ ಅಕ್ಕಪಕ್ಕ ನೆಟ್ಟಾಗ ಪರಾಗ ಬೆರೆತು ಈ ತಳಿ ಬಂತು. ಆದರೆ ಅತ್ತೆಯವರಿಗೆ ಮೆಲ್ಲಗೆ ಹೇಳಿ, ಸೀಬೆಯೂ ಅಮೆರಿಕ ಖಂಡದಿಂದಲೇ ಬಂದದ್ದು. ಸಾರಿಗೆ ಹಾಕುವ ಟೊಮೆಟೊ, ಮೆಣಸಿನಕಾಯಿ ಕೂಡ! ಒಗ್ಗಿದ್ದಾವಲ್ಲ. ನಮ್ಮ ಪೇಟೆಗೆ ಬರುವ ಸ್ಟ್ರಾಬೆರಿ ಬಹುಪಾಲು ಮಹಾಬಲೇಶ್ವರ, ಪಂಚಗಣಿ ಕಡೆಯದು. ಕೃಷ್ಣೆ ಹುಟ್ಟುವ ಜಾಗ, ತೀರಾ ಪರದೇಶವೇನಲ್ಲ. 2010ರಲ್ಲಿ ಅಲ್ಲಿನ ಹಣ್ಣಿಗೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಎಂಬ ಸರ್ಕಾರಿ ಗುರುತು ಕೂಡ ಸಿಕ್ಕಿದೆ.

ರಕ್ತದ ವಿಷಯ ಸ್ವಲ್ಪ ಗಂಭೀರ. ಸ್ಟ್ರಾಬೆರಿಯಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ, ಅದರಿಂದಲೇ ಹಿಮೋಗ್ಲೋಬಿನ್ ಏರುವುದಿಲ್ಲ. ಆದರೆ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಜಾಸ್ತಿ ಹತ್ತುತ್ತದೆ. ಹಾಗಾಗಿ ಸ್ಟ್ರಾಬೆರಿಯೋ ಸೀಬೆಯೋ, ಊಟದ ಜೊತೆಗೇ ತಿನ್ನಿ. ಏನೂ ಇಲ್ಲದಿದ್ದರೆ ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ ಹಿಂಡಿ. ಊಟವಾದ ತಕ್ಷಣ ಟೀ ಕುಡಿಯುವ ಅಭ್ಯಾಸವಿದ್ದರೆ ಅದನ್ನು ಒಂದು ಗಂಟೆ ಮುಂದಕ್ಕೆ ಹಾಕಿ, ಟೀ ಕಬ್ಬಿಣವನ್ನು ತಡೆಯುತ್ತದೆ. ಜೊತೆಗೆ 9.5 ಅಂದರೆ ಹಣ್ಣಿನಿಂದ ಮಾತ್ರ ಸರಿಹೋಗುವಂಥದ್ದಲ್ಲ. ಡಾಕ್ಟರಿಗೆ ತೋರಿಸಿ ಕಾರಣ ತಿಳಿದುಕೊಳ್ಳಿ. ಮಾತ್ರೆ ಬರೆದರೆ ತಪ್ಪಿಸಬೇಡಿ.

ಪ್ರಶ್ನೆ: ನನಗೆ 58 ವರ್ಷ, ಹತ್ತು ವರ್ಷದಿಂದ ಶುಗರ್ ಇದೆ. ಹಣ್ಣು ಅಂದರೆ ಮನೆಯವರು ಕೈ ಹಿಡಿದು ಎಳೀತಾರೆ. ಸ್ಟ್ರಾಬೆರಿ ತಿನ್ನಬಹುದಾ? ಜ್ಯೂಸ್, ಜಾಮ್?
– ನಿವೃತ್ತ ನೌಕರರು, ಹುಬ್ಬಳ್ಳಿ

ಉತ್ತರ: ತಿನ್ನಿ ಸರ್, ಮನೆಯವರಿಗೆ ಈ ಉತ್ತರ ಓದಲು ಕೊಡಿ. ನನ್ನ ಕೇಳಿದರೆ ಈ ಹಣ್ಣಿನ ನಿಜವಾದ ಗುಣ ಚೆಂದದ ವಿಷಯದಲ್ಲಿಲ್ಲ, ಇಲ್ಲಿದೆ. ಸಿಹಿ ತಿಂದ ತೃಪ್ತಿ ಕೊಡುತ್ತದೆ, ಸಕ್ಕರೆ ಮಾತ್ರ ಕಡಿಮೆ. 100 ಗ್ರಾಂನಲ್ಲಿ ಶೇ 90ಕ್ಕಿಂತ ಹೆಚ್ಚು ನೀರೇ. ಸಕ್ಕರೆ ಸುಮಾರು 5 ಗ್ರಾಂ, ನಾರು 2 ಗ್ರಾಂ, ಕ್ಯಾಲೊರಿ ಬರೀ 32. ಅಷ್ಟೇ ತೂಕದ ಬಾಳೆಹಣ್ಣಿನಲ್ಲಿ ಸಕ್ಕರೆ 12 ಗ್ರಾಂ, ಮಾವಿನಲ್ಲಿ 14 ಗ್ರಾಂ ಹತ್ತಿರ. ಗ್ಲೈಸೆಮಿಕ್ ಇಂಡೆಕ್ಸ್ 40ರ ಸುತ್ತಮುತ್ತ, ಅಂದರೆ ರಕ್ತದಲ್ಲಿ ಸಕ್ಕರೆ ನಿಧಾನ ಏರುತ್ತದೆ.

ದಿನಕ್ಕೆ ಏಳೆಂಟು ಹಣ್ಣು, ಊಟ ಮುಗಿದ ಮೇಲೆ ಪಾಯಸ ತಿಂದ ಹಾಗೆ ಅಲ್ಲ, ಸಂಜೆ ನಾಲ್ಕರ ಹೊತ್ತಿಗೆ ಬಿಸ್ಕತ್ತಿನ ಬದಲು. ಜೊತೆಗೆ ನಾಲ್ಕು ಬಾದಾಮಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ತಿನ್ನುವ ಮೊದಲು ಒಮ್ಮೆ, ತಿಂದು ಎರಡು ಗಂಟೆಗೆ ಒಮ್ಮೆ ಗ್ಲೂಕೋಮೀಟರ್‌ನಲ್ಲಿ ನೋಡಿ. ನಿಮ್ಮ ಮೈ ಏನು ಹೇಳುತ್ತದೆ ಅನ್ನುವುದು ಯಾವ ಪಟ್ಟಿಗಿಂತಲೂ ಮುಖ್ಯ. “ಸ್ಟ್ರಾಬೆರಿ ಶುಗರ್ ಇಳಿಸುತ್ತೆ” ಅನ್ನುವ ಸುದ್ದಿಗಳನ್ನು ಸ್ವಲ್ಪ ಅನುಮಾನದಿಂದ ಓದಿ. ಅಂಥ ಪ್ರಯೋಗಗಳು ಸಣ್ಣವು. ಕೆಲವಕ್ಕೆ ದುಡ್ಡು ಕೊಟ್ಟವರು ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಬೆಳೆಗಾರರ ಮಂಡಳಿಯವರೇ.

ಜ್ಯೂಸ್ ಬೇಡ. ಹಣ್ಣಂಗಡಿಯವರು ಸಕ್ಕರೆ ಇಲ್ಲದೆ ಮಾಡುವುದೂ ಇಲ್ಲ. ಜಾಮ್ ಅಂತೂ ಮುಟ್ಟಬೇಡಿ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಜಾಮ್‌ನಲ್ಲಿ ಕನಿಷ್ಠ ಶೇ 45 ಹಣ್ಣಿರಬೇಕು. ಸ್ಟ್ರಾಬೆರಿ, ರಾಸ್ಬೆರಿಗೆ ಮಾತ್ರ ರಿಯಾಯಿತಿ, ಶೇ 25 ಇದ್ದರೂ ನಡೆಯುತ್ತದೆ. ಉಳಿದದ್ದು ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಸ್ಟ್ರಾಬೆರಿ ಐಸ್‌ಕ್ರೀಮ್, ಸ್ಟ್ರಾಬೆರಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಿ ನೋಡಿ. ಎಷ್ಟೋ ಸಲ 122 ಅಥವಾ 124 ನಂಬರಿನ ಬಣ್ಣ ಇರುತ್ತದೆ, ಎಸೆನ್ಸ್ ಇರುತ್ತದೆ, ಹಣ್ಣು ಇರುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರೆ. ವಾರಕ್ಕೆ ಮೂರು ಸಲ ಸ್ಟ್ರಾಬೆರಿ ತಿಂದರೆ ಹಾರ್ಟ್ ಅಟ್ಯಾಕ್ ಬರಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಕೊಡಲಾ?
– ಮಂಗಳೂರಿನ ಓದುಗರು

ಉತ್ತರ: ಆ ವಾಟ್ಸಾಪ್ ಸಂದೇಶಕ್ಕೆ ಒಂದು ಬುಡ ಇದೆ. 2013ರಲ್ಲಿ ಹಾರ್ವರ್ಡ್ ಮತ್ತು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಸುಮಾರು 93,600 ನರ್ಸ್‌ಗಳನ್ನು 18 ವರ್ಷ ಗಮನಿಸಿದ್ದರು. ವಾರಕ್ಕೆ ಮೂರಕ್ಕಿಂತ ಹೆಚ್ಚು ಸಲ ಸ್ಟ್ರಾಬೆರಿ, ಬ್ಲೂಬೆರಿ ತಿನ್ನುತ್ತಿದ್ದವರಲ್ಲಿ, ತಿಂಗಳಿಗೊಮ್ಮೆ ಅಥವಾ ಅದಕ್ಕಿಂತ ಕಡಿಮೆ ತಿನ್ನುವವರಿಗೆ ಹೋಲಿಸಿದರೆ, ಹೃದಯಾಘಾತ ಸುಮಾರು ಮೂರರಲ್ಲೊಂದು ಭಾಗದಷ್ಟು ಕಡಿಮೆ ಕಂಡಿತು. ಹಣ್ಣಿಗೆ ಕೆಂಪು, ನೀಲಿ ಬಣ್ಣ ಕೊಡುವ ಆಂಥೋಸಯಾನಿನ್ ರಕ್ತನಾಳಗಳನ್ನು ಸಡಿಲವಾಗಿಡುತ್ತದೆ ಎಂಬುದು ಅವರ ಊಹೆ.

ಆದರೆ ನೋಡಿ, ಅವರೆಲ್ಲ ಹೆಂಗಸರು. ಶುರುವಿನಲ್ಲಿ 25ರಿಂದ 42 ವರ್ಷದವರು. ಅದೂ ಅಲ್ಲದೆ ಇದು ಹಣ್ಣು ಕೊಟ್ಟು ನೋಡಿದ ಪ್ರಯೋಗವಲ್ಲ, ಅವರವರು ತಿನ್ನುತ್ತಿದ್ದದ್ದನ್ನು ಬರೆದುಕೊಂಡದ್ದು. ಬೆರಿ ತಿನ್ನುವವರು ಬೇರೆ ವಿಷಯಗಳಲ್ಲೂ ಆರೋಗ್ಯದ ಕಾಳಜಿ ಮಾಡುವವರಿರುತ್ತಾರೆ. ಸಂಶೋಧಕರು ಅದನ್ನು ಲೆಕ್ಕಕ್ಕೆ ತಗೊಂಡಿದ್ದರೂ ಪೂರ್ತಿ ತೆಗೆದುಹಾಕಲು ಆಗುವುದಿಲ್ಲ. “ಬರಲ್ಲ” ಅಂತ ಯಾರೂ ಹೇಳಿಲ್ಲ.

ಯಜಮಾನರಿಗೆ ಧಾರಾಳವಾಗಿ ಕೊಡಿ, ಮಾತ್ರೆಯ ಬದಲಾಗಿ ಅಲ್ಲ. ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ವಾರ್ಫರಿನ್ ಎಂಬುದನ್ನು ತಗೊಳ್ಳುವವರು ವಿಟಮಿನ್ ಕೆ ಜಾಸ್ತಿ ಇರುವ ಸೊಪ್ಪುಗಳನ್ನು ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಮಾಡಬಾರದು. ಸ್ಟ್ರಾಬೆರಿಯಲ್ಲಿ ಅದು ತುಂಬ ಕಡಿಮೆ, ಆ ಚಿಂತೆ ಇಲ್ಲ. ಕಿಡ್ನಿ ತೊಂದರೆ ಇರುವವರೂ ಇದೇ ಪ್ರಶ್ನೆ ಕೇಳಿದ್ದಾರೆ. ಪೊಟ್ಯಾಷಿಯಂ ಕಡಿಮೆ ಇರುವ ಹಣ್ಣುಗಳ ಸಾಲಿನಲ್ಲಿ ಸ್ಟ್ರಾಬೆರಿ ಬರುತ್ತದೆ, ಬಾಳೆಹಣ್ಣು ಬೇಡ ಎಂದವರಿಗೆ ಇದು ನಾಲ್ಕೈದು ಸಿಗಬಹುದು. ನಿಮ್ಮ ಡಾಕ್ಟರ್ ಹೇಳಿದ ಅಳತೆಯಲ್ಲಿ.

ಪ್ರಶ್ನೆ: ಮಗುವಿಗೆ ಹತ್ತು ತಿಂಗಳು. ಸ್ಟ್ರಾಬೆರಿ ತಿನ್ನಿಸಿದಾಗ ಬಾಯಿ ಸುತ್ತ ಕೆಂಪು ಗುಳ್ಳೆ ತರಹ ಆಯ್ತು. ಒಂದು ಗಂಟೆಯಲ್ಲಿ ಹೋಯ್ತು. ಅಲರ್ಜಿನಾ?
– ತಾಯಿ, ಶಿವಮೊಗ್ಗ

ಉತ್ತರ: ಹಣ್ಣಿನ ರಸ ತಾಗಿದ ಕಡೆ ಮಾತ್ರ ಕೆಂಪಾಗಿ, ಮಗು ಆಟವಾಡಿಕೊಂಡಿದ್ದು, ತಾನಾಗಿ ಇಳಿದಿದ್ದರೆ ಹೆಚ್ಚಾಗಿ ಅದು ಹುಳಿಯ ತುರಿಕೆ. ಜೊಲ್ಲು ಸುರಿದು ಸುರಿದು ಮಕ್ಕಳ ಗಲ್ಲ ಮೊದಲೇ ನವೆದಿರುತ್ತದೆ. ಮುಂದಿನ ಸಲ ತಿನ್ನಿಸುವ ಮೊದಲು ಬಾಯಿ ಸುತ್ತ ತೆಳುವಾಗಿ ವ್ಯಾಸಲಿನ್ ಸವರಿ, ತಿಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೊದಲು ಒಂದೇ ಚಮಚ ಕೊಟ್ಟು ನೋಡಿ. ಆದರೆ ಹೊಟ್ಟೆ, ಬೆನ್ನು ಹೀಗೆ ತಾಗದ ಕಡೆಯೂ ದದ್ದು ಎದ್ದರೆ ಮತ್ತೆ ಕೊಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ತುಟಿ, ಕಣ್ಣು ಊದಿಕೊಂಡರೆ, ಮೇಲಿಂದ ಮೇಲೆ ವಾಂತಿಯಾದರೆ, ಉಸಿರಾಟದಲ್ಲಿ ಗೊರ ಗೊರ ಶಬ್ದ ಬಂದರೆ ಒಂದು ಕ್ಷಣವೂ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಇಡೀ ಹಣ್ಣು ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಚೆನ್ನಾಗಿ ಹಣ್ಣಾದದ್ದನ್ನು ಕಿವುಚಿ ರಾಗಿ ಸರಿ ತಣಿದ ಮೇಲೆ ಬೆರೆಸಿ. ರಾಗಿಯ ಕಬ್ಬಿಣ ಹತ್ತಲು ಇದೇ ಒಳ್ಳೆಯ ಜೋಡಿ. ಹುಳಿ ಅಂತ ಜೇನುತುಪ್ಪ ಹಾಕಬೇಡಿ, ಒಂದು ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು.

ಪ್ರಶ್ನೆ: ಹಾಲಿನ ಜೊತೆ ಹುಳಿ ಹಣ್ಣು ವಿರುದ್ಧ ಆಹಾರ ಅಂತ ಅಜ್ಜಿ ಮಿಲ್ಕ್‌ಶೇಕ್ ಮಾಡಲು ಬಿಡಲ್ಲ. ಶೀತ ಆಗುತ್ತೆ ಅಂತಲೂ ಹೇಳ್ತಾರೆ.
– ಧಾರವಾಡದ ಓದುಗ

ಉತ್ತರ: ಆಯುರ್ವೇದದಲ್ಲಿ ಹಾಗೆ ಹೇಳಿದೆ, ಅಜ್ಜಿ ಸುಮ್ನೆ ಹೇಳಿಲ್ಲ. ಆದರೆ ಹೊಟ್ಟೆಯ ಆಮ್ಲಕ್ಕೆ ಹಾಲು ಹೇಗಿದ್ದರೂ ಒಡೆಯುತ್ತದೆ. ಸ್ಟ್ರಾಬೆರಿ ಬೆರೆಸಿದ್ದರಿಂದ ಆರೋಗ್ಯವಂತರಿಗೆ ಕೆಡುಕಾಗುತ್ತದೆ ಅನ್ನಲು ಪುರಾವೆ ಇಲ್ಲ. ಶೀತ ಬರುವುದು ವೈರಸ್‌ನಿಂದ. ನನ್ನ ತಕರಾರು ಶೇಕ್‌ಗೆ ಹಾಕುವ ನಾಲ್ಕು ಚಮಚ ಸಕ್ಕರೆ ಮತ್ತು ಕ್ರಷ್ ಬಗ್ಗೆ. ಅಜ್ಜಿಯ ಮನಸ್ಸು ನೋಯಿಸಬೇಡ, ಹಣ್ಣನ್ನು ಹಾಗೇ ತಿನ್ನಪ್ಪ.

ಪ್ರಶ್ನೆ: ಸ್ಟ್ರಾಬೆರಿಗೆ ಔಷಧಿ ಸಿಕ್ಕಾಪಟ್ಟೆ ಹೊಡೀತಾರಂತೆ. ಉಪ್ಪು ನೀರಲ್ಲಿ ಹಾಕಿದರೆ ಹುಳ ಹೊರಗೆ ಬರುತ್ತಂತೆ. ತೊಳೆಯೋದು ಹೇಗೆ? ತಂದ ಮಾರನೇ ದಿನವೇ ಕೆಡುತ್ತೆ.
– ಬೆಂಗಳೂರಿನ ಓದುಗರು

ಉತ್ತರ: ಔಷಧಿಯ ಭಯದಲ್ಲಿ ಅರ್ಥವಿದೆ. ನೆಲಕ್ಕೆ ಅಂಟಿಕೊಂಡು ಬೆಳೆಯುವ ಗಿಡ, ತೆಳು ಚರ್ಮದ ಹಣ್ಣು, ಸಿಪ್ಪೆ ಸುಲಿಯುವ ಹಾಗಿಲ್ಲ. ಬೂಸ್ಟು, ಕೀಟ ಎರಡೂ ಬೇಗ ಹತ್ತುತ್ತವೆ, ರೈತರು ಹೊಡೆಯುತ್ತಾರೆ. ತಿನ್ನುವ ಮುಂಚೆ ಹರಿಯುವ ನೀರಿನ ಕೆಳಗೆ ಒಂದೊಂದನ್ನೂ ಬೆರಳಲ್ಲಿ ಸವರಿ ತೊಳೆಯಿರಿ. ಆ ಸಣ್ಣ ಬೀಜಗಳ ಗುಳಿಯಲ್ಲಿ ಮಣ್ಣು ಕೂತಿರುತ್ತದೆ. ಬೇಕಿದ್ದರೆ ಒಂದು ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ನೆನೆಸಿ, ಮತ್ತೆ ತೊಳೆಯಿರಿ. ಸೇಬಿನ ಮೇಲೆ 2017ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಮಾಡಿದ ಪ್ರಯೋಗದಲ್ಲಿ ಬರೀ ನೀರಿಗಿಂತ ಸೋಡಾ ನೀರು ಚೆನ್ನಾಗಿ ಕೆಲಸ ಮಾಡಿತ್ತು. ಹಣ್ಣಿನೊಳಗೆ ಇಳಿದ ಔಷಧಿ ಇದರಿಂದ ಹೋಗುವುದಿಲ್ಲ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಖಂಡಿತ ಬೇಡ. ಹಸಿರು ತೊಟ್ಟನ್ನು ತೊಳೆದ ಮೇಲೆ ಕೀಳಿ, ಮೊದಲೇ ಕಿತ್ತರೆ ಆ ತೂತಿನಿಂದ ನೀರು ಒಳಗೆ ಹೋಗುತ್ತದೆ.

ಹುಳ ಅಂದರೆ ಹಣ್ಣಿನ ನೊಣದ ಮರಿ. ಒಂದೊಂದು ಸಲ ಇರಬಹುದು, ಗೊತ್ತಿಲ್ಲದೆ ತಿಂದರೂ ಏನೂ ಆಗುವುದಿಲ್ಲ. ಓದಿದ ಮೇಲೆ ತಿನ್ನಲು ಮನಸ್ಸು ಬರುತ್ತದೋ ಇಲ್ಲವೋ, ಅದು ಬೇರೆ ಮಾತು.

ಬೇಗ ಕೆಡುವುದಕ್ಕೆ ಪರಿಹಾರ ಅಂಗಡಿಯಲ್ಲೇ ಇದೆ. ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿ. ಮೇಲಿನ ಸಾಲು ಯಾವಾಗಲೂ ಮಿಂಚುತ್ತಿರುತ್ತದೆ, ಕತೆಯೆಲ್ಲ ಕೆಳಗಿನ ಸಾಲಿನಲ್ಲಿ. ತಳದಲ್ಲಿ ಕೆಂಪು ರಸ ಇಳಿದಿದ್ದರೆ, ಒಂದರಲ್ಲಾದರೂ ಬೂದು ಬಣ್ಣದ ನವಿರು ಕಂಡರೆ ಬಿಟ್ಟುಬಿಡಿ. ತೊಟ್ಟಿನ ಹತ್ತಿರ ಬೆಳ್ಳಗಿರುವುದನ್ನು “ನಾಳೆ ಹಣ್ಣಾಗುತ್ತೆ” ಅಂತ ಕೊಡುತ್ತಾರೆ. ಸ್ಟ್ರಾಬೆರಿ ಕಿತ್ತ ಮೇಲೆ ಮಾವಿನ ಹಾಗೆ ಮಾಗುವುದಿಲ್ಲ, ಬಣ್ಣ ಸ್ವಲ್ಪ ಏರಿದರೂ ಸಿಹಿ ಏರುವುದಿಲ್ಲ. ಮನೆಗೆ ತಂದು ತೊಳೆಯದೆ, ಡಬ್ಬಿಯಲ್ಲಿ ಕೆಳಗೊಂದು ಟಿಶ್ಯೂ ಹಾಸಿ ಫ್ರಿಜ್‌ನಲ್ಲಿಡಿ. ಎರಡು ಮೂರು ದಿನ ಬರುತ್ತದೆ. ಅಷ್ಟರೊಳಗೆ ಮುಗಿಯದು ಅನ್ನಿಸಿದರೆ ತೊಳೆದು ಒರೆಸಿ ಫ್ರೀಜರ್‌ಗೆ ಹಾಕಿ, ವಿಟಮಿನ್ ಸಿ ಹೆಚ್ಚಿನಂಶ ಉಳಿಯುತ್ತದೆ. ಬೂಸ್ಟು ಬಂದ ಹಣ್ಣನ್ನು ಕತ್ತರಿಸಿ ಉಳಿದರ್ಧ ತಿನ್ನಬೇಡಿ, ಇಡಿಯಾಗಿ ಎಸೆಯಿರಿ. ಅದಕ್ಕೆ ತಾಗಿಕೊಂಡಿದ್ದವನ್ನು ಅವತ್ತೇ ತೊಳೆದು ಮುಗಿಸಿ.